ಎಡಭುಜದ ಪ್ಯಾಡು

ನನ್ನದು ನೂಲು, ಗುಂಡಿ, ಜಿಪ್ಪು ಮಾರುವ ಅಂಗಡಿ. ಎದುರಿಗೇ ಮಾಸ್ತರ ಟೈಲರಿಂಗ್ ಅಂಗಡಿ. ನಡುವೆ ಇರುವುದು ಒಂದು ಬಡಪಾಯಿ ರಸ್ತೆ, ಎರಡು ಕೈಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕು. ಹಾಗಾಗಿ ಅವರ ಕೆಮ್ಮು ನನಗೆ ಕೇಳುತ್ತದೆ, ನನ್ನ ಗೊರಕೆ ಅವರಿಗೆ ಕೇಳುತ್ತದೆ. ನಾನು ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತೇನೆ ಎಂದು ಬೀದಿಗೆಲ್ಲ ಡಂಗುರ ಸಾರಿದವರು ಅವರೇ. ಪ್ರತಿಯಾಗಿ ಅವರ ಬಗ್ಗೆ ಸಾರಲು ನನಗೂ ಒಂದೆರಡು ವಿಷಯ ಗೊತ್ತು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಗೊತ್ತಾಗಬೇಕಾದ್ದು ಮಾತ್ರ ಗೊತ್ತಿರಲಿಲ್ಲ.

ಮೈಯ ಕೊರತೆ ಮುಚ್ಚುವುದರಲ್ಲಿ ಮಾಸ್ತರದು ಎತ್ತಿದ ಕೈ. ಹೊಟ್ಟೆ ಮುಂದೆ ಬಂದವನು, ಕತ್ತು ಹೆಗಲೊಳಗೆ ಹೂತುಹೋದವನು, ಒಂದು ಭುಜ ಇಳಿಬಿದ್ದವನು, ಇಂಥವರೆಲ್ಲ ದೊಡ್ಡ ದೊಡ್ಡ ಅಂಗಡಿಗಳನ್ನು ದಾಟಿಕೊಂಡು ಈ ಬೀದಿಗೆ ಬರುತ್ತಿದ್ದರು. ಮಾಸ್ತರು ಕೊರತೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹವಾಮಾನದ ಮಾತಾಡುತ್ತಾ ಟೇಪು ಎಳೆಯುವರು, ಕಣ್ಣಲ್ಲೇ ಎಲ್ಲ ಬರೆದುಕೊಳ್ಳುವರು. ಟ್ರಯಲ್ ದಿನ ಗಿರಾಕಿ ಕನ್ನಡಿಯ ಮುಂದೆ ನಿಂತು, ಇದು ನಾನೇನಾ ಎಂಬಂತೆ ಎದೆಯುಬ್ಬಿಸಿ ಒಂದು ಸುತ್ತು ತಿರುಗುತ್ತಿದ್ದ. ಒಳಗೆ ಬಿಗಿ ಕೊಡುವ ಕ್ಯಾನ್ವಾಸು ಎಲ್ಲಿದೆ, ಪ್ಯಾಡು ಎಷ್ಟು ದಪ್ಪ ಎಂಬುದು ಮಾಸ್ತರಿಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು. ಪ್ಯಾಡು ಮಾರಿದ ನನಗೂ ತಿಳಿಯದು.

ಈ ವಿದ್ಯೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಮಾಸ್ತರಿಗೊಬ್ಬಳು ಅಕ್ಕ ಇದ್ದಳಂತೆ. ಬೆನ್ನು ಬಾಗಿ, ಒಂದು ಕಡೆ ಗುಬ್ಬಟೆಯಾಗಿ ಎದ್ದು, ಬೀದಿಯ ಮಕ್ಕಳೆಲ್ಲ ಗೂನಿ ಗೂನಿ ಎಂದು ಹಿಂದೆ ಬೀಳುತ್ತಿದ್ದರಂತೆ. ಹೊಲಿಗೆ ಕಲಿಯುತ್ತಿದ್ದ ತಮ್ಮ ಮೊದಲ ಬಾರಿ ಸ್ವಂತವಾಗಿ ಕತ್ತರಿಸಿದ್ದು ಅವಳಿಗೊಂದು ಕೋಟು. ಹತ್ತಿ ತುಂಬಿ, ಪದರದ ಮೇಲೆ ಪದರ ಇಟ್ಟು, ಹೇಗೋ ಎರಡೂ ಕಡೆ ಸಮ ಮಾಡಿದ. ಅದನ್ನು ಹಾಕಿಕೊಂಡು ಅಕ್ಕ ಬೀದಿಯ ಆ ತುದಿಯವರೆಗೂ ನಡೆದು ಬಂದಳು. ಒಬ್ಬರೂ ಕೂಗಲಿಲ್ಲ.

"ಅವತ್ತೇ ನಾನು ಟೈಲರ್ ಆಗಿದ್ದು ಅಣ್ಣಾ" ಎಂದಿದ್ದರು ಮಾಸ್ತರು. ಆ ಅಕ್ಕ ಹೆಚ್ಚು ವರ್ಷ ಬಾಳಲಿಲ್ಲ. ಬೆನ್ನು ಬಾಗುತ್ತಾ ಬಾಗುತ್ತಾ ಎದೆಗೂಡು ಇಕ್ಕಟ್ಟಾಗಿ, ಉಸಿರು ಸಾಲದೆ ಹೋದಳು. ಅದನ್ನು ಹೇಳುವಾಗ ಅವರು ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದರು.

ಮಾಸ್ತರಿಗೆ ಒಬ್ಬಳೇ ಮಗಳು, ಗುಬ್ಬಿ. ಹೆಂಡತಿ ಬಸ್ ಡಿಪೋದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ, ಬೆಳಗಿನ ಪಾಳಿ. ಅವಳು ಮನೆ ಬಿಡುವ ಹೊತ್ತಿಗೆ ಮಗಳಿನ್ನೂ ಹೊದ್ದು ಮಲಗಿರುತ್ತಾಳೆ. ಎಬ್ಬಿಸಿ, ತಲೆ ಬಾಚಿ, ಕೋಟು ತೊಡಿಸಿ ಶಾಲೆಗೆ ಕಳಿಸುವುದೆಲ್ಲ ಅಪ್ಪನ ಪಾಲು. ಗುಬ್ಬಿಯ ಬಟ್ಟೆಯಂತೂ ಒಂದು ಕರವಸ್ತ್ರವೂ ಹೊರಗಿನದಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಯ ಕತ್ತರಿ ಮೇಜಿನ ಒಂದು ಮೂಲೆಯಲ್ಲಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು. ಎಂಥ ಗಂಭೀರ ಹುಡುಗಿ, ಎಷ್ಟು ನೆಟ್ಟಗಿದ್ದಾಳೆ ಎಂದು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನೂ ಹೊಗಳಿದ್ದೇನೆ.

ಆ ವರ್ಷ ಶಾಲೆಯ ಕ್ರೀಡಾಕೂಟಕ್ಕೆ ಎಲ್ಲ ಮಕ್ಕಳಿಗೂ ಒಂದೇ ಥರದ ಟೀಶರ್ಟು ಹಂಚಿದರು. ಗುಬ್ಬಿ ಅದನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟಾಗ ಮಾಸ್ತರ ಮುಖ ಹುಳ್ಳಗಾಯಿತು.

"ಇದು ಬಟ್ಟೇನಾ, ಗೋಣಿಚೀಲಾನಾ? ಇದನ್ನ ಹಾಕ್ಕೊಂಡು ನೀನು ಹೋಗೋದು ಬೇಡ" ಎಂದರು.

"ಹಾಕ್ಕೊಳ್ಳದೇ ಇದ್ರೆ ಡ್ರಿಲ್‌ಗೆ ಸೇರಿಸ್ಕೊಳ್ಳಲ್ಲ ಅಪ್ಪಾ" ಎಂದಳು ಗುಬ್ಬಿ.

ರೆಡಿಮೇಡ್ ಕಂಡರೆ ಟೈಲರಿಗೆ ಹೊಟ್ಟೆಯುರಿ ಎಂದು ನಾನು ಈ ಕಡೆಯಿಂದಲೇ ರೇಗಿಸಿದೆ. ಮಾಸ್ತರು ನಗಲಿಲ್ಲ. ಒಳಗೆ ಪ್ಯಾಡಿಲ್ಲದ, ಲೈನಿಂಗ್ ಇಲ್ಲದ, ತಮ್ಮ ಕೈಯಲ್ಲಿ ಆಗದ ಬಟ್ಟೆ ತೊಟ್ಟು ಮಗಳು ಮನೆಯಿಂದ ಹೊರಗೆ ಹೋದದ್ದು ಅದೇ ಮೊದಲು. ಮೈದಾನದಲ್ಲಿ ಮಕ್ಕಳೆಲ್ಲ ಬಗ್ಗಿ ಕಾಲ್ಬೆರಳು ಮುಟ್ಟುವಾಗ, ಹಿಂದಿನಿಂದ ಬರುತ್ತಿದ್ದ ಡ್ರಿಲ್ ಟೀಚರು ಗುಬ್ಬಿಯ ಹತ್ತಿರ ಗಕ್ಕನೆ ನಿಂತರು. ಬಲಗಡೆ ಬೆನ್ನು ಒಂದು ದಿಬ್ಬದ ಹಾಗೆ ಎದ್ದಿತ್ತು. ಅವರು ಅಲ್ಲಿಂದಲೇ ಡಿಪೋಗೆ ಫೋನ್ ಮಾಡಿದರು.

ಆಮೇಲೆ ಎಕ್ಸ್‌ರೇ, ಆ ಡಾಕ್ಟರು, ಈ ಡಾಕ್ಟರು ಎಂದು ಓಡಾಟ ಶುರುವಾಯಿತು. ಕೊನೆಗೆ ಬೆನ್ನುಮೂಳೆಯ ಆಪರೇಷನ್ ಮಾಡುವ ದೊಡ್ಡ ಡಾಕ್ಟರ ಬಳಿಗೆ ಹೋಗುವ ದಿನ ನನ್ನನ್ನೂ ಜೊತೆಗೆ ಕರೆದರು, ಧೈರ್ಯಕ್ಕೆ ಒಬ್ಬರಿರಲಿ ಅಂತ. ನನಗಿದ್ದ ಧೈರ್ಯ ಎಷ್ಟೆಂದು ನನಗೆ ಗೊತ್ತು, ಆದರೂ ಹೋದೆ.

ಡಾಕ್ಟರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಬೆನ್ನುಮೂಳೆ ಇತ್ತು. ಮಣಿಯ ಮೇಲೆ ಮಣಿ. ಮಣಿಮಣಿಗೂ ಎರಡೂ ಬದಿಯಲ್ಲಿ ಸ್ಕ್ರೂ, ನೇರಳೆ ಕೆಲವು, ನೀಲಿ ಕೆಲವು, ನನ್ನ ಅಂಗಡಿಯ ಗುಂಡಿ ಡಬ್ಬಿಯಲ್ಲಿ ಕೈ ಹಾಕಿ ಆರಿಸಿದ ಹಾಗೆ. ಸ್ಕ್ರೂಗಳ ತಲೆ ಸೀಳಿತ್ತು, ಆ ಸೀಳಿನಲ್ಲಿ ಉದ್ದಕ್ಕೆ ಎರಡು ಸರಳು ಕೂತಿದ್ದವು.

ಡಾಕ್ಟರು ಅದನ್ನು ಎತ್ತಿ ಗುಬ್ಬಿಯ ಕೈಗೇ ಕೊಟ್ಟು ಹೇಳಿದರು: "ನೋಡಮ್ಮಾ, ಮೊದಲು ಈ ಸ್ಕ್ರೂಗಳನ್ನ ಮೂಳೆ ಒಳಗೆ ಕೂರಿಸ್ತೀವಿ. ಆಮೇಲೆ ಸರಳನ್ನ ನಿನ್ನ ಬೆನ್ನಿಗೆ ಎಷ್ಟು ಬಾಗು ಬೇಕೋ ಅಷ್ಟು ಬಾಗಿಸಿ, ಇದರೊಳಗಿಟ್ಟು ಬಿಗೀತೀವಿ. ವಾಲಿರೋ ಮಣಿಗಳು ನಿಧಾನಕ್ಕೆ ಸಾಲಿಗೆ ಬರ್ತವೆ. ಮಧ್ಯೆ ಮಧ್ಯೆ ಮೂಳೆ ಚೂರು ಹಾಕ್ತೀವಿ. ಕೆಲವು ತಿಂಗಳಲ್ಲಿ ಈ ಮಣಿಗಳೆಲ್ಲ ಬೆಸೆದುಕೊಂಡು ಒಂದೇ ಮೂಳೆ ಆಗತ್ತೆ. ಅಲ್ಲೀವರೆಗೂ ಹಿಡಿದಿಡೋದು ಇದರ ಕೆಲಸ."

"ಕಚ್ಚಾ ಹೊಲಿಗೆ ಥರ" ಎಂದರು ಮಾಸ್ತರು. ಅಷ್ಟು ಹೊತ್ತಿಗೆ ಅವರ ಬಾಯಿಂದ ಬಂದ ಮೊದಲ ಮಾತು ಅದು.

"ಹೌದು, ಆದ್ರೆ ಇದನ್ನ ಬಿಚ್ಚಲ್ಲ. ಒಳಗೇ ಇರತ್ತೆ" ಎಂದು ಡಾಕ್ಟರು ನಕ್ಕರು. ಅಪಾಯವನ್ನೂ ಬಚ್ಚಿಡಲಿಲ್ಲ. ನರ ಪಕ್ಕದಲ್ಲೇ ಇರುತ್ತದೆ, ಆಪರೇಷನ್ ಉದ್ದಕ್ಕೂ ಯಂತ್ರವಿಟ್ಟು ಕಾಯುತ್ತೇವೆ, ಕಾಲಿನ ಬಲಕ್ಕೆ ತೊಂದರೆಯಾಗುವ ಸಾಧ್ಯತೆ ಬಹಳ ಕಮ್ಮಿ, ಆದರೆ ಇಲ್ಲವೇ ಇಲ್ಲ ಎನ್ನಲಾರೆ ಎಂದರು. ಆಮೇಲೆ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು ಮುಖ ಸಣ್ಣದು ಮಾಡಿದರು.

"ಒಂದೆರಡು ವರ್ಷ ಮುಂಚೆ ಬಂದಿದ್ರೆ, ಇನ್ನೂ ಬೆಳೆಯೋ ವಯಸ್ಸಲ್ಲಿ, ಬೆಲ್ಟ್ ಹಾಕಿ ಬಾಗೋದನ್ನ ನಿಲ್ಲಿಸೋಕೆ ನೋಡಬಹುದಿತ್ತು. ಸಾಮಾನ್ಯವಾಗಿ ಮನೆಯವರಿಗೆ ಬಟ್ಟೆಯಲ್ಲೇ ಮೊದಲು ಗೊತ್ತಾಗತ್ತೆ. ಒಂದು ಕಡೆ ತೋಳು ಜೋಲತ್ತೆ, ಅಂಚು ಮೇಲೆ ಕೆಳಗೆ ಆಗತ್ತೆ. ನೀವು ಯಾರೂ ಗಮನಿಸ್ಲಿಲ್ವಾ?"

ಮಾಸ್ತರ ಹೆಂಡತಿ ತಟ್ಟನೆ ಹೇಳಿದಳು: "ಇಲ್ಲ ಡಾಕ್ಟ್ರೇ. ಇವರೇ ಟೈಲರು. ಅವಳ ಬಟ್ಟೆ ಒಂದು ದಿನವೂ ಸೊಟ್ಟ ಕೂತಿದ್ದಿಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಆ ಮಾತಿನಲ್ಲಿ ಗಂಡನ ಬಗ್ಗೆ ಹೆಮ್ಮೆಯಿತ್ತು. ನಾನು ಮಾಸ್ತರ ಕಡೆ ನೋಡಿದೆ. ಕತ್ತಿನಿಂದ ಇಳಿಬಿಟ್ಟ ಟೇಪು ಅವತ್ತೂ ಹಾಗೇ ಇತ್ತು, ಅದರ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ನೆಲ ಬಾಯಿಬಿಟ್ಟರೆ ಸಾಕು ಎನ್ನುವ ಮುಖ. ಎಲ್ಲರ ಸೊಟ್ಟವನ್ನೂ ಒಂದೇ ನೋಟಕ್ಕೆ ಹಿಡಿಯುವ ಈ ಮನುಷ್ಯನಿಗೆ ಸ್ವಂತ ಮಗಳದು ಕಾಣದೆ ಹೋಯಿತೇ?

ಔಷಧಿ ಕೌಂಟರಿನ ಹತ್ತಿರ ಇಬ್ಬರೇ ಆದಾಗ ಕೇಳಿಯೇಬಿಟ್ಟೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬಾರದು.

"ಮಾಸ್ತರೇ, ನಿಮಗೆ ಗೊತ್ತಿತ್ತು ಅಲ್ವಾ?"

ಅವರು ಗೋಡೆ ನೋಡುತ್ತಾ ಹೇಳಿದರು. ಅವಳಿಗೆ ಹನ್ನೊಂದೋ ಹನ್ನೆರಡೋ ಆಗಿದ್ದಾಗ, ಶಾಲೆಯ ಕೋಟಿಗೆ ಅಳತೆ ತೆಗೆಯುವಾಗ ಬಲಭುಜ ಒಂದು ಬೆರಳಿನಷ್ಟು ಮೇಲಿತ್ತು. ಎಡಗಡೆ ತೆಳ್ಳನೆಯ ಪ್ಯಾಡು ಇಟ್ಟರು. ಪುಸ್ತಕದ ಚೀಲ ಒಂದೇ ಕಡೆ ನೇತುಹಾಕಿಕೊಳ್ಳುತ್ತಾಳೆ, ಅದಕ್ಕೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮುಂದಿನ ವರ್ಷ ಎರಡು ಪದರ. ಅದರ ಮುಂದಿನ ವರ್ಷ ಬೆನ್ನಿನ ಹೊಲಿಗೆಯನ್ನೇ ಪಕ್ಕಕ್ಕೆ ಸರಿಸಿ, ಎಡಗಡೆ ಕ್ಯಾನ್ವಾಸು ಕೊಟ್ಟು, ಬಲಗಡೆ ಸಡಿಲ ಬಿಟ್ಟು ಕತ್ತರಿಸಿದರು. ಟೇಪು ಸುಳ್ಳು ಹೇಳುವುದಿಲ್ಲ ಎಂದು ಗೊತ್ತಿದ್ದೂ ಹೆಂಡತಿಗೆ ಹೇಳಲಿಲ್ಲ.

"ಯಾಕೆ?" ಎಂದೆ.

"ಬಾಯಿ ಬಿಟ್ಟು ಹೇಳಿದ್ರೆ ನಿಜ ಆಗ್ಬಿಡತ್ತೆ ಅನ್ನಿಸ್ತು ಅಣ್ಣಾ. ಗೂನಿ ಅಂತ ನನ್ನ ಮಗಳನ್ನ ಯಾರೂ ಕೂಗಬಾರದಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಉಸಿರು ಕಟ್ಟಿದ್ದನ್ನು ಕಣ್ಣಾರೆ ಕಂಡವನು ಇದನ್ನು ಮಾಡಿದನಲ್ಲ. ಆಸ್ಪತ್ರೆ ಅಂತಲೂ ನೋಡದೆ ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ನಿಂತು ಎಲ್ಲ ಬೈಗುಳವನ್ನೂ ಹೊಟ್ಟೆಗೆ ಹಾಕಿಕೊಂಡರು. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ಮನೆಯಾಕೆಗೆ ಯಾವಾಗ ಹೇಳ್ತೀರಿ?"

"ಹೇಳ್ತೀನಿ. ಆಪರೇಷನ್ ಒಂದು ಸುಸೂತ್ರ ಆಗ್ಲಿ."

ಆಪರೇಷನ್ ದಿನ ಬೆಳಿಗ್ಗೆಯಿಂದ ನಾವು ಮೂವರೂ ಥಿಯೇಟರಿನ ಹೊರಗಿನ ಉದ್ದ ಬೆಂಚಿನಲ್ಲಿ ಕೂತಿದ್ದೆವು. ಒಳಗೆ ಮಗಳ ಬೆನ್ನಿನಲ್ಲಿ ಸ್ಕ್ರೂ ಕೂರಿಸುತ್ತಿದ್ದಾರೆ ಎಂಬುದು ತಿಳಿದಿದ್ದರಿಂದ ಯಾರಿಗೂ ಬೆನ್ನು ಒರಗಿಸಿ ಕೂರಲು ಮನಸ್ಸಾಗಲಿಲ್ಲ. ಮಾಸ್ತರ ಹೆಂಡತಿಯ ತವರಿನವರು ಬಂದರು, ಡಿಪೋದವರು ಬಂದರು. ಬಂದವರೆಲ್ಲ ಕೇಳುವುದು ಒಂದೇ, ಇಷ್ಟು ದೊಡ್ಡದಾಗುವವರೆಗೂ ಮನೆಯಲ್ಲಿ ಯಾರೂ ನೋಡಲಿಲ್ಲವೇ ಅಂತ. ಕೇಳಿ ಕೇಳಿ ಆಕೆ ಸೋತುಹೋದಳು.

"ನಂದೇ ತಪ್ಪು" ಎಂದಳು ತನ್ನ ಅಕ್ಕನ ಹೆಗಲಿಗೆ ಮುಖವಿಟ್ಟು. "ಪಾಳಿ ಪಾಳಿ ಅಂತ ಕತ್ತಲಲ್ಲೇ ಎದ್ದು ಓಡ್ತಿದ್ದೆ. ಹೆತ್ತ ತಾಯಿ ನಾನು, ಮಗಳ ಬೆನ್ನು ಹೇಗಿದೆ ಅಂತ ಒಂದು ದಿನ ನೋಡ್ಲಿಲ್ಲ."

"ತಾಯಾದವಳು ನೋಡ್ಬೇಕಿತ್ತು ಬಿಡು" ಎಂದಳು ಆ ಅಕ್ಕ. ಸಮಾಧಾನ ಹೇಳುವ ರೀತಿ ಅದು.

ಮಾಸ್ತರು ಅಲ್ಲೇ ಇದ್ದರು. ಕೈ ಚಾಚಿದರೆ ಹೆಂಡತಿ ಸಿಗುವಷ್ಟು ಹತ್ತಿರ. ಆಮೇಲೆ ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟರು. ಅವಳು ಅದನ್ನು ಕುಡಿದು, ಇಂಥ ಗಂಡ ಸಿಕ್ಕಿದ್ದು ಪುಣ್ಯ ಎನ್ನುವಂತೆ ಅವರ ಕೈ ಹಿಡಿದುಕೊಂಡಳು. ನನಗೆ ಅಲ್ಲಿ ಕೂರಲಾಗಲಿಲ್ಲ. ಮಾಡಿದವರು ಅವರು, ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿದ್ದು ನನಗೆ.

ಮಧ್ಯಾಹ್ನದ ಮೇಲೆ ಡಾಕ್ಟರು ಹೊರಗೆ ಬಂದರು. ಎಲ್ಲ ಚೆನ್ನಾಗಿ ಆಯಿತು, ಕಾಲ್ಬೆರಳು ಆಡಿಸು ಎಂದರೆ ಆಡಿಸಿದಳು ಎಂದರು. ಹೊಸ ಎಕ್ಸ್‌ರೇ ತೋರಿಸಿದರು. ನಡುವೆ ಬೆನ್ನುಮೂಳೆ, ಇಬ್ಬದಿಯಲ್ಲಿ ಬೆಳ್ಳಗೆ ಎರಡು ಸರಳು, ಅವುಗಳಿಂದ ಒಳಕ್ಕೆ ಮೊನೆ ಚಾಚಿದ ಸ್ಕ್ರೂಗಳ ಸಾಲು. ಹಳೆಯ ಎಕ್ಸ್‌ರೇಯಲ್ಲಿ ಹಾವಿನಂತೆ ಹೊರಳಿದ್ದ ಬೆನ್ನು ಇದೇನಾ ಎಂದು ನಾನು ಬೆಪ್ಪಾಗಿ ನೋಡಿದೆ. ಎಲ್ಲರೂ ಅಳುತ್ತಿದ್ದರು, ನಾನೂ. ಮಾಸ್ತರು ಮಾತ್ರ ಆ ಚಿತ್ರದಲ್ಲಿ ಎರಡು ಭುಜದ ಮೂಳೆಗಳ ಮೇಲೆ ಬೆರಳಿಟ್ಟು, ಅಡ್ಡಕ್ಕೆ ಒಂದು ಗೆರೆ ಎಳೆದು ನೋಡುತ್ತಿದ್ದರು. ಗೆರೆ ನೇರವಾಗಿತ್ತು.

ಅದರ ಅರ್ಥ ನನಗೆ ಹೊಳೆದದ್ದು ಎರಡು ದಿನ ಬಿಟ್ಟು. ಮಧ್ಯಾಹ್ನ, ಮಾಸ್ತರ ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಮೇಜಿನ ಮೇಲೆ ಗುಬ್ಬಿಯ ಬಟ್ಟೆಯ ರಾಶಿ. ಮಾಸ್ತರು ಬ್ಲೇಡು ಹಿಡಿದು ಒಂದೊಂದರ ಹೊಲಿಗೆಯನ್ನೂ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಪ್ಯಾಡುಗಳು, ಕ್ಯಾನ್ವಾಸಿನ ತುಂಡುಗಳು ಗುಡ್ಡೆ ಬಿದ್ದಿದ್ದವು, ಎಲ್ಲವೂ ಎಡಗಡೆಯವು.

ನನಗೆ ಅರ್ಥವಾಯಿತು. ಮಗಳು ಈಗ ನೆಟ್ಟಗಾಗಿದ್ದಾಳೆ. ನೆಟ್ಟಗಿನ ಮೈಗೆ ಆ ಹಳೆಯ ಕೋಟು ತೊಡಿಸಿದರೆ ಎಡಭುಜ ಮೇಲೆದ್ದು ನಿಲ್ಲುತ್ತದೆ, ಬೆನ್ನ ಹೊಲಿಗೆ ಪಕ್ಕಕ್ಕೆ ಎಳೆಯುತ್ತದೆ. ಅಪ್ಪ ಎಷ್ಟು ತಿಳಿದಿದ್ದ, ಯಾವ ವರ್ಷ ಎಷ್ಟು ತಿಳಿದಿದ್ದ ಎಂಬುದೆಲ್ಲ ಕನ್ನಡಿಯಲ್ಲಿ ಬಯಲಾಗುತ್ತದೆ. ಅವರು ಸಾಕ್ಷಿ ಅಳಿಸುತ್ತಿದ್ದರು.

"ಥೂ ನಿಮ್ಮ" ಎಂದೆ.

ಅವರು ತಲೆಯೆತ್ತಲಿಲ್ಲ. "ಅವಳು ತಪ್ಪು ತನ್ನದು ಅಂತ ಎಲ್ರ ಮುಂದೆ ಹೇಳಿಬಿಟ್ಲು. ಈಗ ನಾನು ಹೇಳಿದ್ರೆ ಅವಳು ನನ್ನ ಮುಖ ನೋಡ್ತಾಳಾ ಅಣ್ಣಾ? ನನ್ನ ಮುಖ ನನಗೇ ನೋಡೋಕೆ ಆಗ್ತಿಲ್ಲ."

ಅಷ್ಟರಲ್ಲಿ ಆಸ್ಪತ್ರೆಯಿಂದ ಹೆಂಡತಿಯ ಫೋನು. ಗುಬ್ಬಿಯನ್ನು ಮನೆಗೆ ಕಳಿಸುವ ಮಾತಾಡುತ್ತಿದ್ದಾರೆ, ಕೈ ಎತ್ತಿ ತಲೆಯಿಂದ ತೊಡುವ ಬಟ್ಟೆ ಆಗುವುದಿಲ್ಲ, ಮುಂದೆ ಗುಂಡಿ ಇರುವ ಸಡಿಲವಾದ ಅಂಗಿ ಬೇಕು, ಅಳತೆಗೆ ಬನ್ನಿ ಎಂದಳು. ಹಳೆಯ ಅಳತೆ ಯಾವುದೂ ಈಗ ನಡೆಯದು, ಮಗಳು ಉದ್ದವಾಗಿದ್ದಾಳೆ ಎಂದು ನಕ್ಕದ್ದು ನನಗೂ ಕೇಳಿಸಿತು. ಮಾಸ್ತರು ಬ್ಲೇಡು ಹಿಡಿದೇ ಕೂತಿದ್ದರು. ನಾನೇ ಸ್ಕೂಟರ್ ತೆಗೆದು ಹಿಂದೆ ಕೂರಿಸಿಕೊಂಡು ಹೋದೆ.

ನಾವು ಹೋದಾಗ ಗುಬ್ಬಿ ಮಂಚದ ಪಕ್ಕ ನಿಂತಿದ್ದಳು, ಒಂದು ಕೈ ಕಂಬಿಯ ಮೇಲೆ. ಬಾಗಬಾರದು, ಹೊರಳಬಾರದು ಎಂದು ನರ್ಸು ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ನಮ್ಮನ್ನು ನೋಡಲು ಹೆಜ್ಜೆ ಹೆಜ್ಜೆಯಾಗಿ ಇಡೀ ಮೈಯನ್ನೇ ತಿರುಗಿಸಿದಳು. ಅವಳ ಅಮ್ಮ ಔಷಧಿ ತರಲು ಕೆಳಗೆ ಹೋಗಿದ್ದಳು.

"ದೊಡ್ಡಪ್ಪಾ, ನಾನೀಗ ಅಮ್ಮನಿಗಿಂತ ಎತ್ತರ" ಎಂದಳು ನನಗೆ.

"ಇನ್ನು ನಿನ್ನ ಜೊತೆ ಮಾತಾಡೋಕೆ ನಾನು ಸ್ಟೂಲ್ ತರಬೇಕು" ಎಂದೆ. ನಕ್ಕಳು, ನಕ್ಕದ್ದಕ್ಕೆ ನೋವಾಗಿ ಹಲ್ಲು ಕಚ್ಚಿದಳು.

ಮಾಸ್ತರು ಟೇಪು ತೆಗೆದರು. ಬೆನ್ನಿನ ಪಟ್ಟಿಗೆ ತಾಗದಂತೆ, ಕತ್ತಿನ ಬುಡದಿಂದ ಬಲಭುಜದ ತುದಿಗೆ ಹಿಡಿದರು. ಎಡಭುಜಕ್ಕೆ ಹಿಡಿದರು. ಮತ್ತೆ ಬಲಕ್ಕೆ. ಅಷ್ಟು ವರ್ಷ ಕಣ್ಣಲ್ಲೇ ಬರೆದುಕೊಂಡ ಮನುಷ್ಯ ಮೂರು ಸಲ ಅಳೆದರೂ ಅಂಕಿ ಹೇಳಲಿಲ್ಲ.

"ಎರಡೂ ಒಂದೇ ಇದೆಯಾ ಅಪ್ಪಾ?" ಎಂದಳು ಗುಬ್ಬಿ.

"ಒಂದೇ ಇದೆ ಮಗಳೇ."

"ಹಾಗಾದ್ರೆ ಇದಕ್ಕೆ ಪ್ಯಾಡ್ ಬೇಡ ಅಲ್ವಾ?"

"ಯಾವ ಪ್ಯಾಡು?" ಎಂದರು ಮಾಸ್ತರು. ಆ ಹೊತ್ತಿನಲ್ಲೂ ಅವರ ಬಾಯಿಂದ ಸುಳ್ಳೇ ಬಂತು. ಅದು ಬಂದ ಕೂಡಲೇ ಮುಖ ಕಪ್ಪಿಟ್ಟಿತು.

"ಎಡಗಡೆದು. ಕೋಟು ಒಣಗೋಕೆ ಹಾಕುವಾಗ ಕೈಗೆ ಸಿಗ್ತಿತ್ತು. ಪ್ರತಿ ವರ್ಷ ದಪ್ಪ ಆಗ್ತಿತ್ತು." ಅವಳ ದನಿಯಲ್ಲಿ ದೂರಿರಲಿಲ್ಲ, ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು. "ನನ್ನ ಬೆನ್ನು ಯಾರೂ ನೋಡಬಾರದು ಅಂತ ನಿನ್ನ ಮನಸ್ಸಲ್ಲಿದೆ ಅಂದ್ಕೊಂಡೆ. ನನ್ನ ಕಂಡ್ರೆ ನಿನಗೆ ನಾಚಿಕೆ ಅಂತ. ಅದಕ್ಕೇ ಅಮ್ಮ ಇದ್ದಾಗ ಬಾಗಿಲು ಹಾಕ್ಕೊಂಡು ಬಟ್ಟೆ ಬದಲಾಯಿಸ್ತಿದ್ದೆ. ನೋವು ಬಂದ್ರೂ ಹೇಳ್ತಿರ್ಲಿಲ್ಲ. ನೀನು ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನ ನಾನು ಹೇಗಪ್ಪಾ ತೋರಿಸ್ಲಿ?"

ಮಾಸ್ತರು ಅಲ್ಲೇ ಮಂಚದ ಕಂಬಿ ಹಿಡಿದುಕೊಂಡರು. ನಾನು ಬೈದದ್ದಾಗಲಿ, ಹೆಂಡತಿ ಅತ್ತದ್ದಾಗಲಿ ಅವರನ್ನು ಹೀಗೆ ಹೊಡೆದಿರಲಿಲ್ಲ. ಬೀದಿಯವರ ಬಾಯಿಂದ ಮಗಳನ್ನು ಕಾಪಾಡಿದೆ ಎಂದುಕೊಂಡಿದ್ದವರು. ಮೈಯ ಬಗ್ಗೆ ನಾಚಿಕೆ ಪಡುವುದನ್ನು ಅವಳಿಗೆ ಕಲಿಸಿದವರು ಅವರೊಬ್ಬರೇ.

"ನಾಚಿಕೆ ನಿನ್ನ ಕಂಡು ಅಲ್ಲ ಕಣಮ್ಮಾ" ಎಂದರು. "ನನಗೆ ಭಯ ಇತ್ತು. ಹೇಡಿ ನಾನು."

ಗುಬ್ಬಿ ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳಮ್ಮ ಔಷಧಿಯ ಚೀಲ ಹಿಡಿದು ಬಂದಳು. "ಅಳತೆ ಆಯ್ತಾ ರೀ?" ಎಂದು ಕೇಳಿದವಳು ಮೂವರ ಮುಖವನ್ನೂ ನೋಡಿ ಅಲ್ಲೇ ನಿಂತಳು.

ಮಾಸ್ತರು ಹೇಳಿದರು. ಮೊದಲ ವರ್ಷದ ತೆಳ್ಳನೆಯ ಪ್ಯಾಡಿನಿಂದ ಹಿಡಿದು ಅವತ್ತು ಮಧ್ಯಾಹ್ನ ಬ್ಲೇಡು ಹಿಡಿದು ಕೂತದ್ದರವರೆಗೆ, ಒಂದನ್ನೂ ಬಿಡದೆ, ಮಗಳ ಎದುರಿಗೇ, ನಿಂತುಕೊಂಡೇ ಹೇಳಿದರು. ಆಕೆ ಕೇಳುತ್ತಾ ಕೇಳುತ್ತಾ ಔಷಧಿಯ ಚೀಲವನ್ನು ಸ್ಟೂಲಿನ ಮೇಲಿಟ್ಟಳು, ಮಗಳ ಹಿಂದೆ ಹೋಗಿ ನಿಂತಳು, ಆಸ್ಪತ್ರೆಯ ಗೌನಿನ ಹಿಂದಿನ ಕಟ್ಟು ಬಿಚ್ಚಿದಳು. ಉದ್ದನೆಯ ಪಟ್ಟಿ ಅಂಟಿಸಿದ ಬೆನ್ನನ್ನು ಬಹಳ ಹೊತ್ತು ನೋಡಿದಳು. ಗುಬ್ಬಿ ಬಾಗಿಲು ಹಾಕು ಎನ್ನಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಆಮೇಲೆ ಆಕೆ ಗಂಡನ ಕತ್ತಿಗೆ ಕೈ ಹಾಕಿದಳು. ಹೊಡೆಯುತ್ತಾಳೆ ಎಂದೇ ನಾನು ತಿಳಿದೆ. ಟೇಪನ್ನು ಎಳೆದುಕೊಂಡಳು.

"ನೀವು ಹೊಲೀರಿ. ಇನ್ನು ಮೇಲೆ ಇವಳ ಅಳತೆ ನಾನು ತಗೋತೀನಿ."

ಅವಳಿಗೆ ಅಳತೆ ತೆಗೆಯಲು ಬರುವುದಿಲ್ಲ. ಟೇಪನ್ನು ತಲೆಕೆಳಗಾಗಿ ಹಿಡಿದಿದ್ದಳು. ಗುಬ್ಬಿಯೇ ತಿರುಗಿಸಿ, ತುದಿಯನ್ನು ತನ್ನ ಭುಜದ ಮೇಲೆ ಒತ್ತಿ ಹಿಡಿದುಕೊಟ್ಟಳು. ಮಾಸ್ತರು ಗೋಡೆಯ ಬಳಿ ಸರಿದು, ಜೇಬಿನಿಂದ ಪೆನ್ನು ತೆಗೆದು, ಹೆಂಡತಿ ಹೇಳಿದ ಅಂಕಿಗಳನ್ನು ಔಷಧಿ ಚೀಟಿಯ ಹಿಂದೆ ಬರೆದುಕೊಂಡರು.